ಮೊದಲು ಮಾನಿಟರ್, ಆಮೇಲೆ ಕಾರ್ಡ್

ಉಮರ್ಗಾದ ಓದುಗರೇ, ನಿಮ್ಮ ಮಾನಿಟರ್ 60 ಹರ್ಟ್ಝ್‌ನದು. ಸೆಕೆಂಡಿಗೆ 60ಕ್ಕಿಂತ ಹೆಚ್ಚು ಚಿತ್ರ ಅದು ತೋರಿಸಲಾರದು. ಗ್ರಾಫಿಕ್ಸ್ ಕಾರ್ಡ್ ಆಟದಲ್ಲಿ ಈಗಲೇ 90 ಕೊಡುತ್ತಿದೆ ಎಂದು ನೀವೇ ಬರೆದಿದ್ದೀರಿ. ಹಾಗಿರುವಾಗ ಹೊಸ ಕಾರ್ಡಿಗೆ ದುಡ್ಡು ಸುರಿದರೂ ಕಣ್ಣಿಗೆ ಕಾಣುವ ಲಾಭ ಕಡಿಮೆ. 144 ಹರ್ಟ್ಝ್‌ನ, ಅಡಾಪ್ಟಿವ್ ಸಿಂಕ್ (ಕಾರ್ಡಿನ ವೇಗಕ್ಕೆ ಹೊಂದಿಕೊಳ್ಳುವ ವ್ಯವಸ್ಥೆ) ಇರುವ 1080ಪಿ ಮಾನಿಟರ್ ತಂದರೆ ಆ 90 ಚಿತ್ರಗಳೂ ಕಾಣುತ್ತವೆ. ‘ತರುವುದೇ ಆದರೆ 1440ಪಿ ಯಾಕೆ ಬೇಡ?’ ಎನ್ನಬಹುದು. 1920×1080ರಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್, 2560×1440ರಲ್ಲಿ 36.9 ಲಕ್ಷ. ಅಷ್ಟು ಹೊರೆ ಹೊರಿಸಿದರೆ ಕಾರ್ಡನ್ನೂ ಬದಲಿಸಬೇಕಾದೀತು.

ಬೇಸಿಗೆಯಲ್ಲಿ ಆಟ ತಡವರಿಸುತ್ತದೆ ಎಂಬ ನಿಮ್ಮ ದೂರು ನಿಜವೇ, ಆದರೆ ಕಾರ್ಡ್ ಹಳತಾಯಿತು ಎನ್ನಲು ಅದೊಂದೇ ಸಾಕ್ಷಿ ಸಾಲದು. ನಿಲಂಗಾ, ಉದಗೀರ ಕಡೆ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಚಿಪ್ ಅತಿಯಾಗಿ ಕಾದರೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಕರೆಂಟ್ ತೆಗೆದು, ಕಾರ್ಡಿನ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದು, ಅದರ ಹಿಂದಿನ ಲೋಹದ ಪಟ್ಟಿಗಳ ಸಂದಿಯಲ್ಲಿ ಬೂದು ಹತ್ತಿಯಂತೆ ಕೂತ ಧೂಳನ್ನು ಮೆತ್ತನೆಯ ಬ್ರಶ್ಶಿನಿಂದ ತೆಗೆಯಿರಿ. ಆಮೇಲೆ ರೆಸಲ್ಯೂಶನ್ ಇಳಿಸಿ ಆಡಿ ನೋಡಿ: ಚಿತ್ರಗಳ ಸಂಖ್ಯೆ ಏರಿದರೆ ಅಡ್ಡಿ ಕಾರ್ಡಿನದು, ಏರದಿದ್ದರೆ ಬಹುಮಟ್ಟಿಗೆ ಪ್ರೊಸೆಸರಿನದು. ಕಾರ್ಡಿನದೇ ಆಗಿ, ಸೆಟ್ಟಿಂಗ್ ತಗ್ಗಿಸಿದರೂ 60 ದಾಟದಿದ್ದರೆ ಆಗ ಹೊಸ ಕಾರ್ಡ್ ತರಲು ಸೊಲ್ಲಾಪುರಕ್ಕೆ ಬಸ್ ಹತ್ತಿ. ಹೊರಡುವ ಮುಂಚೆ ಪವರ್ ಸಪ್ಲೈ ಮೇಲಿನ ವ್ಯಾಟ್ ಬರೆದುಕೊಳ್ಳಿ, ಹೊಸ ಕಾರ್ಡಿಗೆ ಅದು ಸಾಕಾಗಬೇಕು.