ನಕ್ಷೆಯ ಸಾಕ್ಷ್ಯ: ಒಂಬತ್ತನೇ ತರಗತಿಯ ‘ಚಲನೆ’ ಪಾಠಕ್ಕೊಂದು ಚಟುವಟಿಕೆ

ವೇಗ-ಕಾಲ ನಕ್ಷೆಯ ಕೆಳಗಿನ ವಿಸ್ತೀರ್ಣವೇ ಕ್ರಮಿಸಿದ ದೂರ ಎಂಬುದನ್ನು ಮಕ್ಕಳು ಬೇಗ ಬಾಯಿಪಾಠ ಮಾಡುತ್ತಾರೆ. ಆ ವಿಸ್ತೀರ್ಣದಿಂದ ಏನು ಉಪಯೋಗ ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ. ಆದ್ದರಿಂದ ಬೋಧನಾಭ್ಯಾಸದಲ್ಲಿ ಈ ಕಲಿಕಾಂಶಕ್ಕೆ ಲಾರಿಯ ಟ್ಯಾಕೋಗ್ರಾಫನ್ನು ಆರಿಸಿಕೊಂಡೆ.

ಹಿನ್ನೆಲೆ

ಯುರೋಪಿನಲ್ಲಿ ಭಾರೀ ಲಾರಿಗಳಿಗೆ ಟ್ಯಾಕೋಗ್ರಾಫ್ ಕಡ್ಡಾಯ. ನಾಲ್ಕೂವರೆ ಗಂಟೆ ಓಡಿಸಿದ ಚಾಲಕ 45 ನಿಮಿಷ ವಿರಾಮ ಪಡೆದನೇ ಎಂದು ತಿಳಿಸುವುದು ಅದರ ಮುಖ್ಯ ಕೆಲಸ; ಜೊತೆಗೆ ವೇಗವನ್ನೂ ದಾಖಲಿಸುತ್ತದೆ. 2006ರಿಂದ ಹೊಸ ವಾಹನಗಳಿಗೆ ಡಿಜಿಟಲ್ ಉಪಕರಣ ಬಂದಿದೆ. ಹಳೆಯದರಲ್ಲಿ 24 ಗಂಟೆಗೆ ಒಂದು ಸುತ್ತು ತಿರುಗುವ ದುಂಡನೆಯ ಕಾಗದದ ಮೇಲೆ ಸೂಜಿ ಗೆರೆ ಎಳೆಯುತ್ತಿತ್ತು. ಎಷ್ಟು ಹೊತ್ತಿಗೆ ಎಷ್ಟು ವೇಗ ಎಂದು ಆ ಗೆರೆ ಹೇಳುತ್ತದೆ. ಎಲ್ಲಿ ಎಂದು ಹೇಳುವುದಿಲ್ಲ. ವೇಗಮಿತಿಯಾದರೋ ಜಾಗಕ್ಕೊಂದು. ಲಾರಿ ನಿಂತ ಜಾಗ ಗೊತ್ತಿದ್ದರೆ ಅಲ್ಲಿಂದ ಹಿಂದಕ್ಕೆ ದೂರ ಎಣಿಸಬೇಕು. ಕಾಗದದಲ್ಲಿ ದೂರದ ಗೆರೆಯೂ ಇರುತ್ತದೆ. ಮಕ್ಕಳೇ ಲೆಕ್ಕ ಹಾಕಲೆಂದು ನನ್ನ ನಕ್ಷೆಯಲ್ಲಿ ಅದನ್ನು ಬಿಟ್ಟಿದ್ದೆ.

ಚಟುವಟಿಕೆ

ಕರಿಹಲಗೆಯ ಮೇಲೆ ಚೌಕಗಳನ್ನು ಎಳೆದೆ. ಒಂದು ಚೌಕದ ಎತ್ತರ ಗಂಟೆಗೆ 12 ಕಿ.ಮೀ., ಅಗಲ 5 ನಿಮಿಷ. ಹಾಗಾಗಿ ಒಂದು ಚೌಕವೆಂದರೆ 1 ಕಿ.ಮೀ. ಲಾರಿ 10 ನಿಮಿಷ ಗಂಟೆಗೆ 72 ಕಿ.ಮೀ. ವೇಗದಲ್ಲಿ, ನಂತರ 5 ನಿಮಿಷ 48 ಕಿ.ಮೀ. ವೇಗದಲ್ಲಿ ಓಡಿ ತಪಾಸಣಾ ಠಾಣೆಯಲ್ಲಿ ನಿಂತಿದೆ. ಠಾಣೆಗೆ 6 ಕಿ.ಮೀ. ಹಿಂದೆ ‘ಇಲ್ಲಿಂದ 50’ ಎಂಬ ಫಲಕವಿದೆ. ಅದಕ್ಕೂ ಮೊದಲು ಮಿತಿ 80. ಚಾಲಕ ತಪ್ಪಿತಸ್ಥನೇ?

ಅರ್ಧ ತರಗತಿ ‘72 ಐವತ್ತಕ್ಕಿಂತ ಹೆಚ್ಚು, ತಪ್ಪು’ ಎಂದಿತು. ಉಳಿದರ್ಧ ‘ಎಂಬತ್ತಕ್ಕಿಂತ ಕಡಿಮೆ, ಸರಿ’ ಎಂದಿತು. ಚೌಕ ಎಣಿಸಲು ಹೇಳಿದೆ. ಕೊನೆಯ 5 ನಿಮಿಷದಲ್ಲಿ ನಾಲ್ಕೇ ಚೌಕ, ಅಂದರೆ 4 ಕಿ.ಮೀ. ಫಲಕ ದಾಟಿದ ಮೇಲೂ ಲಾರಿ 2 ಕಿ.ಮೀ. ದೂರ 72ರಲ್ಲೇ ಓಡಿದೆ. ಫಲಕವನ್ನು ಅಳಿಸಿ 3 ಕಿ.ಮೀ. ದೂರದಲ್ಲಿ ಬರೆದೆ. ನಕ್ಷೆ ಅದೇ, ತೀರ್ಪು ತಿರುಗಿತು.

ಆಗ ಲಾರಿ ಚಾಲಕರೊಬ್ಬರ ಮಗಳು, “ಸರ್, ಟೈರು ಸವೆದಿದ್ರೆ ಮೀಟರು ತಪ್ಪು ತೋರಿಸಲ್ವಾ?” ಎಂದು ಕೇಳಿದಳು. ತೋರಿಸುತ್ತದೆ. ಸವೆದ ಚಕ್ರದ ಸುತ್ತಳತೆ ಕಡಿಮೆ. ಅದೇ ದೂರಕ್ಕೆ ಹೆಚ್ಚು ಸುತ್ತು ಬೇಕು. ಉಪಕರಣ ಎಣಿಸುವುದು ಸುತ್ತುಗಳನ್ನೇ. ಆದ್ದರಿಂದ ಅಲ್ಲಿನ ನಿಯಮದಂತೆ ಎರಡು ವರ್ಷಕ್ಕೊಮ್ಮೆ ಉಪಕರಣವನ್ನು ಪರೀಕ್ಷಿಸಬೇಕು. ಬಳಕೆಯಲ್ಲಿ ಗಂಟೆಗೆ 6 ಕಿ.ಮೀ.ವರೆಗಿನ ಹೆಚ್ಚುಕಡಿಮೆಗೆ ಅವಕಾಶವಿದೆ.

ಅವಳ ಪ್ರಶ್ನೆಯನ್ನೇ ಮುಂದಿನ ಲೆಕ್ಕ ಮಾಡಿದೆ. 48 ಎಂಬುದು 42 ಆಗಿರಬಹುದು, 54 ಆಗಿರಬಹುದು. ಆಗ ಕೊನೆಯ 5 ನಿಮಿಷದ ದೂರ ಮೂರೂವರೆಯಿಂದ ನಾಲ್ಕೂವರೆ ಕಿ.ಮೀ. ಫಲಕ 6 ಕಿ.ಮೀ. ದೂರದಲ್ಲಿದ್ದರೆ ದೋಷ ಹಾಗೇ ಉಳಿಯುತ್ತದೆ: 72 ಎಂಬುದು 66 ಆದರೂ ಐವತ್ತನ್ನು ಮೀರಿದೆ. ಫಲಕ ಸರಿಯಾಗಿ 4 ಕಿ.ಮೀ. ದೂರದಲ್ಲಿದ್ದರೆ? ಹಿಂದಿನ ಬೆಂಚಿನಿಂದ ಉತ್ತರ ಬಂತು: “ಹೇಳಕ್ಕಾಗಲ್ಲ ಸರ್, ಬಿಟ್ಬಿಡ್ಬೇಕು.”

ಅವಲೋಕನ

ಅಳತೆಯ ದೋಷ ನನ್ನ ಪಾಠಯೋಜನೆಯಲ್ಲಿ ಇರಲಿಲ್ಲ. ತರಗತಿಯೇ ಅದನ್ನು ತಂದಿತು. ‘ಹೇಳಲಾಗದು’ ಎಂಬುದೂ ಲೆಕ್ಕದಿಂದ ಬಂದ ಉತ್ತರವಾಗಬಹುದೆಂದು ಮಕ್ಕಳು ಕಂಡರು. ಒಬ್ಬ ಚಾಲಕನ ಜೀವನೋಪಾಯ ಆ ಉತ್ತರವನ್ನು ಅವಲಂಬಿಸಿದೆ ಎಂದಾಗ ಚೌಕಗಳನ್ನು ಇನ್ನೊಮ್ಮೆ ಎಣಿಸಿದರು. ಈ ಚಟುವಟಿಕೆ ಮಾಡುವ ಪ್ರಶಿಕ್ಷಣಾರ್ಥಿ ಮಿತ್ರರು ಒಂದು ಚೌಕ 1 ಕಿ.ಮೀ. ಆಗುವಂತೆ ಅಳತೆ ಇಟ್ಟುಕೊಳ್ಳಿ; ತೀರ್ಪನ್ನು ಎಣಿಕೆಗೆ ಮೊದಲೂ ನಂತರವೂ ಬರೆಸಿ. ಎರಡರ ನಡುವಿನ ವ್ಯತ್ಯಾಸವೇ ಮೌಲ್ಯಮಾಪನ.