ಶುಶ್ರೂಷೆಯೂ ನಿದ್ರೆಯೂ

‘ಶುಶ್ರೂಷಾ’ ಶಬ್ದವು ‘ಶ್ರು’ ಧಾತುವಿನಿಂದ ಹುಟ್ಟಿದುದು. ಕೇಳಬೇಕೆಂಬ ಇಚ್ಛೆಯೇ ಅದರ ಮೂಲಾರ್ಥ. ಸೇವೆಯೆಂಬ ಅರ್ಥವು ಅದರಿಂದಲೇ ಬೆಳೆದುಬಂದಿತು. ನರಳುವವರ ದನಿಗೆ ಕಿವಿಗೊಡುವವಳೇ ಶುಶ್ರೂಷಕಿ. ಚರಕಸಂಹಿತೆಯ ಸೂತ್ರಸ್ಥಾನವು ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕನ್ನು ಚಿಕಿತ್ಸೆಯ ಪಾದಗಳೆಂದು ಎಣಿಸಿ, ಪರಿಚಾರಕನಿಗೆ ಉಪಚಾರಜ್ಞಾನ, ದಕ್ಷತೆ, ಅನುರಾಗ, ಶುಚಿತ್ವಗಳೆಂಬ ನಾಲ್ಕು ಗುಣಗಳನ್ನು ವಿಧಿಸಿದೆ. ನಿದ್ರೆಗೆಟ್ಟ ದೇಹದಲ್ಲಿ ಮೊದಲು ಕುಂದುವುದು ದಕ್ಷತೆ, ಬಳಿಕ ಅನುರಾಗ.

ನಮ್ಮ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ದಿನಕ್ಕೆ ಮೂರು ಪಾಳಿಗಳು. ರಾತ್ರಿಪಾಳಿಯು ಹಲವೆಡೆ 12 ಗಂಟೆಗಳಷ್ಟು ದೀರ್ಘ. ಆಗ ಸಿಬ್ಬಂದಿಯೂ ವಿರಳ. ದೇಹದೊಳಗೊಂದು ಗಡಿಯಾರವಿದ್ದು ಅದು ಹಗಲಿರುಳುಗಳನ್ನು ಅನುಸರಿಸುತ್ತದೆ. ಅದರ ಒಳಮರ್ಮವನ್ನು ತಿಳಿಸಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಬೆಳಗಿನಿಂದ ಮಧ್ಯಾಹ್ನಕ್ಕೆ, ಮಧ್ಯಾಹ್ನದಿಂದ ರಾತ್ರಿಗೆ ಪಾಳಿಯು ಮುಂದೆ ಸರಿದರೆ ಆ ಗಡಿಯಾರವು ಹೇಗೋ ಹೊಂದಿಕೊಳ್ಳುತ್ತದೆ. ಹಿಂದೆ ಸರಿದರೆ ಬಳಲುತ್ತದೆ. ಪಾಳಿಯ ಪಟ್ಟಿ ಬರೆಯುವ ಲೇಖನಿಯಲ್ಲಿಯೇ ಅರ್ಧ ಔಷಧವಿದೆಯೆಂದರೆ ಅತ್ಯುಕ್ತಿಯಲ್ಲ.

ಸಂಡೂರಿನ ಸೀಮೆಗೆ ಪಾಳಿಯೆಂಬುದು ಹೊಸತಲ್ಲ. ದೋಣಿಮಲೆಯ ಗಣಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗಳು ಅದನ್ನು ಮನೆಮನೆಗೂ ಕಲಿಸಿವೆ. ರಾತ್ರಿ ದುಡಿದು ಬಂದ ಯಜಮಾನನು ಮಲಗಿದ್ದರೆ ಮನೆಯವರು ಕಿಟಕಿ ಮುಚ್ಚುವರು, ಮಕ್ಕಳನ್ನು ಅಂಗಳಕ್ಕೆ ಅಟ್ಟುವರು, ರೇಡಿಯೋದ ದನಿ ತಗ್ಗಿಸುವರು. ಅದೇ ಮನೆಯ ಸೊಸೆ ಶುಶ್ರೂಷಕಿಯಾಗಿ ರಾತ್ರಿಯಿಡೀ ಎಚ್ಚರವಿದ್ದು ಬಂದರೆ? ಒಲೆ ಕಾದಿರುತ್ತದೆ, ಮಕ್ಕಳ ಬುತ್ತಿ, ಬಟ್ಟೆ, ಬಂದ ಅತಿಥಿ, ಎಲ್ಲವೂ ಕಾದಿರುತ್ತವೆ. ಗಂಡಸಿನ ಹಗಲುನಿದ್ರೆ ದುಡಿಮೆಯ ಹಕ್ಕು, ಹೆಂಗಸಿನದು ಸೋಮಾರಿತನ! ಶುಶ್ರೂಷಕಿಯ ಬಳಲಿಕೆಯ ಬಹುಭಾಗವು ಆಸ್ಪತ್ರೆಯಲ್ಲಿಲ್ಲ, ಈ ಭೇದದಲ್ಲಿದೆ.

ಹಾಗೆಂದು ಈ ವೃತ್ತಿಯಲ್ಲಿ ತೃಪ್ತಿಯಿಲ್ಲವೆಂದಲ್ಲ. ನಡುರಾತ್ರಿ ಉಸಿರುಗಟ್ಟಿದವನು ಮುಂಜಾವಿಗೆ ಕಣ್ತೆರೆದು ನೀರು ಕೇಳಿದಾಗ ದೊರೆಯುವ ಸಮಾಧಾನವು ಬೇರೆ ಯಾವ ಉದ್ಯೋಗದಲ್ಲಿ ಉಂಟು? ಆದರೆ ಆ ತೃಪ್ತಿಯನ್ನೇ ಸಂಬಳವೆಂದು ಬಗೆಯುವವರು ಬಹಳ. ಫ್ಲಾರೆನ್ಸ್ ನೈಟಿಂಗೇಲಳ ದ್ವಿಶತಮಾನೋತ್ಸವವಾದ 2020ನ್ನು ವಿಶ್ವ ಆರೋಗ್ಯ ಸಂಸ್ಥೆಯು ಶುಶ್ರೂಷಕಿಯರ ಮತ್ತು ಸೂಲಗಿತ್ತಿಯರ ವರ್ಷವೆಂದು ಸಾರಿತು. ಅದೇ ವರ್ಷ ಕೋವಿಡ್ ಬಂದಿತು. ಮಾರ್ಚ್ 22ರಂದು ದೇಶವೆಲ್ಲ ಚಪ್ಪಾಳೆ ತಟ್ಟಿತು. ಚಪ್ಪಾಳೆಯಿಂದ ನಿದ್ರೆ ಬರುವುದಿಲ್ಲ. ಹಂಪಿಯಲ್ಲಿ ಜಾತ್ರೆ, ಉತ್ಸವಗಳ ಜನಸಂದಣಿ ನೆರೆದಾಗ ಹೊಸಪೇಟೆಯಲ್ಲಿ ಎಚ್ಚರವಿರಬೇಕಾದವರೂ ಇವರೇ.

ರಾತ್ರಿಯ ಎಚ್ಚರವು ರೂಕ್ಷವೆಂಬುದು ಆಯುರ್ವೇದದ ಮತ. ಅಭ್ಯಾಸವಿಲ್ಲದೆ ಎಚ್ಚರವಿದ್ದವರು, ಎಚ್ಚರವಿದ್ದ ಕಾಲದ ಅರ್ಧದಷ್ಟು ಹೊತ್ತನ್ನು ಮರುದಿನ ಬೆಳಿಗ್ಗೆ, ಉಣ್ಣುವ ಮೊದಲೇ ನಿದ್ರಿಸಬೇಕೆಂದು ವಾಗ್ಭಟನು ಅಷ್ಟಾಂಗಹೃದಯದಲ್ಲಿ ಲೆಕ್ಕವನ್ನೇ ಕೊಟ್ಟಿದ್ದಾನೆ. 12 ಗಂಟೆಗಳ ಪಾಳಿಗೆ 6 ಗಂಟೆಗಳು. ಬೆಳಿಗ್ಗೆ 8ಕ್ಕೆ ಹೊಸಪೇಟೆಯಲ್ಲಿ ಪಾಳಿ ಮುಗಿಸಿ ಕಂಪ್ಲಿಯ ಬಸ್ಸನ್ನೇರಿ ಮನೆ ಸೇರುವವಳಿಗೆ, ವಾಗ್ಭಟನ ಲೆಕ್ಕದಂತೆ, ಮಧ್ಯಾಹ್ನ 3ರವರೆಗಾದರೂ ಬಾಗಿಲು ಬಡಿಯುವವರಿರಬಾರದು.