ಪ್ರಸ್ತಾರ ಹಾಕುವವರಿಗೆ ಒಂದು ಕಿವಿಮಾತು

‘ಪ್ರಸ್ತಾರ ಹಾಕಿ, ಗಣ ವಿಂಗಡಿಸಿ’ ಎಂಬ ಪ್ರಶ್ನೆ ಕಂಡೊಡನೆ ಹೈಸ್ಕೂಲು ಮಕ್ಕಳು ಬೆರಳು ಮಡಚಿ ಅಕ್ಷರ ಎಣಿಸತೊಡಗುತ್ತಾರೆ. ಎಣಿಸಬೇಕಾದ್ದು ಮಾತ್ರೆಯನ್ನು: ಲಘುವಿಗೆ 1, ಗುರುವಿಗೆ 2.

ದೀರ್ಘಾಕ್ಷರ, ಐ, ಔ, ಅನುಸ್ವಾರ ಅಥವಾ ವಿಸರ್ಗ ಕೂಡಿದ ಅಕ್ಷರ ಗುರು ಎಂಬುದು ಬಹುತೇಕರಿಗೆ ಬಾಯಿಪಾಠ. ಎಡವುವುದು ಒತ್ತಕ್ಷರದ ಬಳಿ. ‘ಕನ್ನಡ’ದಲ್ಲಿ ಒತ್ತು ಹೊತ್ತ ‘ನ್ನ’ ಲಘುವಾಗಿಯೇ ಉಳಿದು, ಅದರ ಹಿಂದಿನ ‘ಕ’ ಗುರುವಾಗುತ್ತದೆ. ಬರೆಯುವಾಗ ಕ-ನ್ನ-ಡ ಆದರೂ ನಾಲಗೆ ಅದನ್ನು ಕನ್-ನ-ಡ ಎಂದೇ ಬಿಡಿಸುತ್ತದೆ. ಒಟ್ಟು 4 ಮಾತ್ರೆ. ‘ಪ್ರಜೆ’ಯನ್ನು ಬಿಡಿಯಾಗಿ ನೋಡಿದರೆ ಒತ್ತಿನ ಹಿಂದೆ ಅಕ್ಷರವೇ ಇಲ್ಲ, ಎರಡೂ ಲಘು.

ಅರ್ಕಾವತ್ತು ಇನ್ನೂ ತುಂಟ. ‘ಧರ್ಮ’ ಬರೆದಾಗ ಅದರ ಚಿಹ್ನೆ ‘ಮ’ದ ನಂತರ ಕೂರುತ್ತದೆ, ಉಚ್ಚಾರದಲ್ಲಿ ಮೊದಲೇ ಬರುತ್ತದೆ. ಹಾಗಾಗಿ ‘ಧ’ ಗುರು, ‘ರ್ಮ’ ಲಘು. ಕಣ್ಣನ್ನಷ್ಟೇ ನಂಬಿದವರು ಅಂಕ ಕಳೆದುಕೊಳ್ಳುತ್ತಾರೆ.

ಸಂಶಯ ಬಂದಾಗ ಪದವನ್ನು ಬಾಯಿಬಿಟ್ಟು ನಿಧಾನವಾಗಿ ಹೇಳಿಕೊಳ್ಳುವುದು ಒಳ್ಳೆಯದು.

ಆಮೇಲೆ ಲೆಕ್ಕ ತಾಳೆ ನೋಡಬಹುದು. ಕಂದಪದ್ಯದ 1 ಮತ್ತು 3ನೇ ಸಾಲಿಗೆ 12 ಮಾತ್ರೆ, 2 ಮತ್ತು 4ಕ್ಕೆ 20. ಭಾಮಿನಿ ಷಟ್ಪದಿಯ ಮೊದಲ ಸಾಲಿಗೆ 3-4-3-4ರಂತೆ 14. ಒಂದು ಮಾತ್ರೆ ಕಡಿಮೆ ಬಿದ್ದರೆ ಸಾಲಿನ ಕೊನೆಯನ್ನೂ ಪರೀಕ್ಷಿಸಬೇಕು. ಷಟ್ಪದಿಯಲ್ಲಿ ಪದ ಒಂದು ಸಾಲಿನಿಂದ ಇನ್ನೊಂದಕ್ಕೆ ಹರಿಯುವುದುಂಟು. ಮುಂದಿನ ಸಾಲು ಒತ್ತಕ್ಷರದಿಂದ ಶುರುವಾದರೆ ಹಿಂದಿನ ಸಾಲಿನ ಕೊನೆಯ ಅಕ್ಷರ ಗುರುವಾಗುತ್ತದೆ.